ನೋವಿಗೆ ನಲವತ್ತು ಅಂಕ

ಗಾಯಾಳುಗಳು ನೂರು, ವೈದ್ಯರು ನಾಲ್ವರು. ಮೊದಲು ಯಾರನ್ನು ನೋಡಬೇಕು? ಪದವಿಯುಳ್ಳವರನ್ನು ಎಂಬುದು ಹಿಂದಿನ ದಂಡುಗಳ ರೂಢಿ. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೆ ಇದನ್ನು ಒಪ್ಪಲಿಲ್ಲ. ಗಾಯ ಯಾರದು ಎಂಬುದಲ್ಲ, ಎಷ್ಟು ಅಪಾಯದ್ದು ಎಂಬುದೇ ಮುಖ್ಯವೆಂದು ಆತನ ಪಕ್ಷ. ಈ ವಿಂಗಡಣೆಗೆ ಮುಂದೆ ನಿಂತ ಹೆಸರು ‘ಟ್ರಿಯಾಜ್’. ಫ್ರೆಂಚರಲ್ಲಿ ಅದು ಉಣ್ಣೆಯನ್ನು ಬೇರ್ಪಡಿಸುವವರ ಮಾತು; ಕಾಫಿ ವ್ಯಾಪಾರದಲ್ಲಿ ಒಡಕು ಬೀಜಕ್ಕೂ ಅದೇ ಹೆಸರು ಇತ್ತು. ಕನ್ನಡದಲ್ಲಿ ‘ಕೇರುವುದು’ ಎನ್ನಬಹುದಿತ್ತೇನೋ. ಆದರೆ ಮೊರದಿಂದ ಹಾರಿಹೋಗುವುದು ಹೊಟ್ಟು. ಇಲ್ಲಿ ಹಿಂದುಳಿಯುವವನು ಮನುಷ್ಯ.

ಯುದ್ಧದ ಗಾಯ ಕಣ್ಣಿಗೆ ಕಾಣುತ್ತದೆ, ಸವೆದ ಸೊಂಟದ ಕೀಲು ಕಾಣದು. ಅದಕ್ಕೆ ನೆಚ್ಚಬಹುದಾದ ಚಿಕಿತ್ಸೆ ಇಲ್ಲದಿದ್ದಾಗ ಹೇಳಿಕೊಳ್ಳುವಂಥ ಸರದಿಯೂ ಇರಲಿಲ್ಲ. 1962ರಲ್ಲಿ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ 22 ಮಿಲಿಮೀಟರಿನ ಉಕ್ಕಿನ ಗುಂಡನ್ನು ಪಾಲಿಥೀನಿನ ಬಟ್ಟಲಿನಲ್ಲಿ ಕೂರಿಸಿದನು. ಅದಕ್ಕೆ ಮುಂಚೆ ಅವನು ಬಳಸಿದ್ದ ಟೆಫ್ಲಾನಿನ ಬಟ್ಟಲುಗಳು ಬೇಗನೆ ಸವೆದು ಕೈಕೊಟ್ಟಿದ್ದವು, ಇದು ಬಾಳಿತು. ಕೋಲೂರಿ ಬಂದವರು ಕೋಲು ಬಿಟ್ಟು ನಡೆದರು. ಸುದ್ದಿ ಹಬ್ಬಿತು, ಸರದಿ ಬೆಳೆಯಿತು.

ಅದನ್ನು ಅಂಕಗಳಿಂದ ಅಳೆಯಹೊರಟವರು ನ್ಯೂಜಿಲೆಂಡಿನವರು. 1997ರಲ್ಲಿ ಪ್ರಕಟವಾದ ಅವರ ಪಟ್ಟಿಯಲ್ಲಿ ಸೊಂಟ, ಮಂಡಿಗಳ ಕೀಲು ಬದಲಿಸುವುದಕ್ಕೆ ಒಟ್ಟು 100 ಅಂಕ: ನೋವಿಗೆ 40, ನಡೆದಾಡುವುದೇ ಮೊದಲಾದ ದಿನಗೆಲಸದ ಶಕ್ತಿಗೆ 20, ಕೀಲಿನ ಚಲನೆ ಮತ್ತು ವಿಕಾರಕ್ಕೆ 20. ಉಳಿದ 20 ಬೇರೆ ಕೀಲುಗಳೂ ಕೆಟ್ಟಿವೆಯೆ, ರೋಗಿ ದುಡಿಯಬಲ್ಲನೆ, ತನ್ನನ್ನು ನಂಬಿದವರನ್ನು ನೋಡಿಕೊಳ್ಳಬಲ್ಲನೆ ಎಂಬಂಥ ಸಂಗತಿಗಳಿಗೆ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವ ನನಗೆ ಈ ಪಟ್ಟಿ ಒಗ್ಗದ್ದೇನೂ ಅಲ್ಲ. ಪ್ರಭಾವ, ಪರಿಚಯಗಳಿಗೆ ಇಲ್ಲಿ ಅಂಕವಿಲ್ಲವೆಂಬುದು ಸಣ್ಣ ಮಾತೂ ಅಲ್ಲ. ತೊಡಕಿದ್ದುದು ತೇರ್ಗಡೆಯ ಗೆರೆಯಲ್ಲಿ. ಅಲ್ಲಿ ಗೆರೆಗಳು ಎರಡು. ಒಂದನ್ನು ಎಳೆದವರು ವೈದ್ಯರು, ಇನ್ನೊಂದನ್ನು ಎಳೆದದ್ದು ಬೊಕ್ಕಸ. ಇವೆರಡರ ನಡುವೆ ಸಿಕ್ಕವರು, ಶಸ್ತ್ರಕ್ರಿಯೆಯಿಂದ ಗುಣವಾದೀತೆಂದು ವೈದ್ಯರೇ ಒಪ್ಪಿದರೂ, ಮನೆವೈದ್ಯರ ಬಳಿಗೆ ಮರಳಬೇಕಾಯಿತು.

2000ದಲ್ಲಿ ಅಲ್ಲಿಯ ಸರ್ಕಾರ ಇನ್ನೊಂದು ನಿಯಮ ತಂದಿತು. ಮನೆವೈದ್ಯರ ಪತ್ರ ತಲುಪಿದ ಆರು ತಿಂಗಳೊಳಗೆ ತಜ್ಞರು ರೋಗಿಯನ್ನು ನೋಡಬೇಕು. ಸಾಧ್ಯವಿಲ್ಲವಾದರೆ ಹಾಗೆಂದು ಮೊದಲೇ ತಿಳಿಸಿ ಪತ್ರವನ್ನು ಹಿಂದಿರುಗಿಸಬೇಕು. ಹೀಗೆ ವಿಂಗಡಣೆ ರೋಗಿಯ ಕಾಲನ್ನು ಬಿಟ್ಟು ಕಾಗದಕ್ಕೆ ಇಳಿಯಿತು. ಭಾಷೆಯನ್ನು ಪಾಠ ಹೇಳುವವನಾಗಿ ನನ್ನನ್ನು ಕಾಡುವುದು ಇದೇ. ಒಬ್ಬ ವೈದ್ಯರು ‘ಮಂಡಿನೋವು, ದಯವಿಟ್ಟು ನೋಡಿ’ ಎಂದು ಮುಗಿಸಿದರು. ಇನ್ನೊಬ್ಬರು ‘ರಾತ್ರಿ ನಿದ್ರೆಯಿಲ್ಲ, ನಾಲ್ಕು ಮೆಟ್ಟಿಲು ಹತ್ತಲಾರರು, ಹಾಸಿಗೆ ಹಿಡಿದ ಗಂಡನ ಆರೈಕೆ ಇವರದೇ’ ಎಂದು ಬರೆದರು ಎನ್ನೋಣ. ರೋಗ ಒಂದೇ ಇದ್ದರೂ ಯಾವ ಪತ್ರ ಮೇಲೇರುವುದೆಂದು ಹೇಳಬೇಕೆ? ಅದೂ ಹೋಗಲಿ, ‘ವಯಸ್ಸಾಯಿತಲ್ಲಪ್ಪ, ಇಷ್ಟು ಇದ್ದದ್ದೇ’ ಎಂದು ನೋವು ನುಂಗುವ ಅಜ್ಜಿಯ ವಿಷಯದಲ್ಲಿ ವೈದ್ಯರಾದರೂ ಏನು ಬರೆದಾರು? ಅಂಥ ಅಜ್ಜಿಯರು ವೆಲಿಂಗ್ಟನ್ನಿನಲ್ಲಿಯೂ ಇದ್ದೇ ಇರುತ್ತಾರೆ.

ಆರು ತಿಂಗಳ ಆ ಗಡುವು 2014ರ ಕೊನೆಯ ಹೊತ್ತಿಗೆ ನಾಲ್ಕಕ್ಕೆ ಇಳಿಯಿತು. ಹಿಂದಿರುಗಿಸಿದ ಪತ್ರಗಳು ಕಾಯುವವರ ಲೆಕ್ಕಕ್ಕೆ ಸೇರುತ್ತಿರಲಿಲ್ಲ.