ಪುತ್ತೂರಿನ ಬಾಲವನ
ಕಡಲ ಸಮೀಪದ ಕೋಟದಲ್ಲಿ 1902ರಲ್ಲಿ ಹುಟ್ಟಿದ ಸಾಹಿತಿ ಶಿವರಾಮ ಕಾರಂತರು ಒಳನಾಡಿನ ಪುತ್ತೂರಿಗೆ ಬಂದು, 1930ರ ದಶಕದಲ್ಲಿ ಪರ್ಲಡ್ಕದಲ್ಲಿ ರೂಪಿಸಿದ ಬಾಲವನವು, ಮಕ್ಕಳು ಆಟ, ನಾಟಕ ಮತ್ತು ಪ್ರಕೃತಿಯ ಒಡನಾಟದಿಂದ ತಾವೇ ಕಲಿಯಬೇಕೆಂಬ ಚಿಂತನೆಯ ಪ್ರಯೋಗಭೂಮಿಯಾಗಿತ್ತು. ಈ ನೆಲದ ಉಳುವವರ ಬದುಕಿಗೆ ಹತ್ತಿರವಾದ ಕಾದಂಬರಿ ‘ಚೋಮನ ದುಡಿ’ಯೂ, ಲೋಕಜ್ಞಾನವನ್ನು ಎಳೆಯರಿಗೆ ಸಚಿತ್ರವಾಗಿ ಒದಗಿಸುವ ವಿಶ್ವಕೋಶವಾದ ‘ಬಾಲಪ್ರಪಂಚ’ವೂ ಆ ದಶಕದ ಕೃತಿಗಳೇ. ಹಾಡು, ಕುಣಿತ, ಮಾತುಗಳು ಬೆರೆತ ಬಯಲಾಟವಾದ ಯಕ್ಷಗಾನವನ್ನೂ ಕಾರಂತರು ಆಳವಾಗಿ ಅಭ್ಯಸಿಸಿ ಹೊಸ ರೀತಿಯಲ್ಲಿ ರಂಗಕ್ಕೆ ತಂದರು. ಅವರು 1997ರಲ್ಲಿ ನಿಧನರಾದರೂ ಬಾಲವನದಲ್ಲಿ ಅವರು ಬಾಳಿದ ಮನೆ ಸ್ಮಾರಕವಾಗಿ ಉಳಿದಿದೆ. ಮಾರ್ಗದರ್ಶಕರ ನೆರವಿಲ್ಲದೆ ನಿಧಾನವಾಗಿ ನಡೆದು ನೋಡುವವರಿಗೆ, ಕಲೆ ಮತ್ತು ಶಿಕ್ಷಣಗಳು ಒಂದೇ ಅಂಗಳದಲ್ಲಿ ಬೆಳೆದ ಬಗೆಯನ್ನು ಬಾಲವನ ಸ್ಪಷ್ಟವಾಗಿ ತೋರಿಸುತ್ತದೆ.