ಗರ್ಟಿಯ ಹಿಂದಿನ ಬೆಟ್ಟ

ಪಾಠದ ನಡುವೆ ನೋಟ್‌ಪುಸ್ತಕದ ಮೂಲೆಯಲ್ಲಿ ಓಡುವ ಮನುಷ್ಯನನ್ನು ಹಾಳೆ ಹಾಳೆಗೂ ಬರೆದು, ಹೆಬ್ಬೆರಳಿನಿಂದ ಸರಸರನೆ ತಿರುವಿ ಗೆಳೆಯರಿಗೆ ತೋರಿಸುತ್ತಿದ್ದ ವಿದ್ಯಾರ್ಥಿಯೊಬ್ಬನ ಪುಸ್ತಕವನ್ನು ನಾನು ಒಮ್ಮೆ ಕಿತ್ತುಕೊಂಡದ್ದುಂಟು. ಅಮೆರಿಕದ ಪತ್ರಿಕಾ ಚಿತ್ರಕಾರ ವಿನ್ಸರ್ ಮೆಕೇ ಅವರು ಚಲಿಸುವ ಚಿತ್ರಗಳತ್ತ ಹೊರಳಿದ್ದು ತಮ್ಮ ಮಗ ಮನೆಗೆ ತಂದಿದ್ದ ಇಂಥವೇ ಪುಸ್ತಕಗಳನ್ನು ಕಂಡು ಎಂಬ ಸಂಗತಿ ಅಂದು ನನಗೆ ತಿಳಿದಿರಲಿಲ್ಲ.

ಕೈಬರಹದ ಚಲನಚಿತ್ರಗಳಿಗೆ ಮೆಕೇ ಅವರೇ ಮೊದಲಿಗರಲ್ಲ. ಫ್ರಾನ್ಸಿನ ಎಮಿಲ್ ಕೋಲ್ 1908ರಲ್ಲಿಯೇ 'ಫ್ಯಾಂಟಸ್ಮಗೋರಿ' ಎಂಬ ಪುಟ್ಟ ಚಿತ್ರವನ್ನು ರಚಿಸಿದ್ದರು. ಆದರೆ 1914ರಲ್ಲಿ ಮೆಕೇ ತೆರೆಗೆ ತಂದ 'ಗರ್ಟಿ' ಎಂಬ ಡೈನೋಸಾರ್‌ಗೆ ಒಂದು ಸ್ವಭಾವವಿತ್ತು. ಮೆಕೇ ಚಾವಟಿ ಹಿಡಿದು ರಂಗದ ಮೇಲೆ ನಿಂತು ಆಜ್ಞಾಪಿಸುವರು. ಪರದೆಯ ಮೇಲಿನ ಗರ್ಟಿ ಕಾಲೆತ್ತುವಳು, ಹಟ ಮಾಡುವಳು, ಗದರಿದರೆ ಮಗುವಿನಂತೆ ಅಳುವಳು. ಕೊನೆಗೆ ಮೆಕೇ ಪರದೆಯ ಹಿಂದೆ ಮರೆಯಾದೊಡನೆ ಅವರ ಚಿತ್ರರೂಪವು ಪರದೆಯಲ್ಲಿ ಮೂಡಿ, ಗರ್ಟಿಯ ಬೆನ್ನೇರಿ ಸಾಗುವುದು.

ಇದಕ್ಕಾಗಿ ಬರೆದ ಚಿತ್ರಗಳು ಸಾವಿರಾರು. ಒಂದೊಂದು ಚಿತ್ರದಲ್ಲಿಯೂ ಗರ್ಟಿಯ ಜೊತೆಗೆ ಬೆಟ್ಟ, ಕೊಳ, ಮರಗಳನ್ನು ಹೊಸದಾಗಿ ಬರೆಯಬೇಕಾಗಿತ್ತು. ಗರ್ಟಿಯನ್ನು ಮೆಕೇ ಬರೆದರು. ಹಿನ್ನೆಲೆಯನ್ನು ತೆಳುವಾದ ಕಾಗದದ ಮೇಲೆ ಮತ್ತೆ ಮತ್ತೆ ತಿದ್ದಿದವರು ಜಾನ್ ಫಿಟ್ಜ್‌ಸಿಮನ್ಸ್ ಎಂಬ ತರುಣ. ಎಷ್ಟೇ ಎಚ್ಚರದಿಂದ ಬರೆದರೂ ಗೆರೆಯು ಕೂದಲೆಳೆಯಷ್ಟು ಸರಿಯುವುದು ಅನಿವಾರ್ಯ. ಆದ್ದರಿಂದಲೇ ಆ ಚಿತ್ರದಲ್ಲಿ ಅಚಲವಾಗಿರಬೇಕಾದ ಬೆಟ್ಟವೂ ಸಣ್ಣಗೆ ಉಸಿರಾಡುವಂತೆ ಕಾಣುತ್ತದೆ.

ಅದೇ ವರ್ಷದ ಕೊನೆಯಲ್ಲಿ ಅರ್ಲ್ ಹರ್ಡ್ ಅವರು ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಗಳ ವಿಧಾನಕ್ಕೆ ಪೇಟೆಂಟ್ ಕೋರಿದರು. ಹಿನ್ನೆಲೆಯನ್ನು ಒಮ್ಮೆ ಬರೆದು, ಅದರ ಮೇಲೆ ಪಾತ್ರಗಳನ್ನಷ್ಟೇ ಬದಲಿಸಿದರೆ ಸಾಕಾಯಿತು. ಶ್ರಮ ಉಳಿಯಿತು, ಬೆಟ್ಟಗಳು ಅಲುಗುವುದೂ ನಿಂತಿತು. ಸ್ವತಃ ಮೆಕೇ 1918ರ 'ಲೂಸಿಟೇನಿಯಾ ನೌಕೆಯ ಮುಳುಗಡೆ' ಚಿತ್ರದಲ್ಲಿ ಸೆಲ್ಯುಲಾಯ್ಡನ್ನೇ ಬಳಸಿದರು.

ಆ ಕಂಪನವನ್ನು ದೋಷವೆನ್ನುವವರುಂಟು. ನನಗೆ ಮಾತ್ರ ಅದು ಮರೆಯಲ್ಲಿ ಕುಳಿತು ದುಡಿದ ತರುಣನೊಬ್ಬನ ಹಸ್ತಾಕ್ಷರದಂತೆ ತೋರುತ್ತದೆ. ಪ್ರೇಕ್ಷಕರು ಚಪ್ಪಾಳೆ ತಟ್ಟಿದ್ದು ಗರ್ಟಿಗೆ ಮತ್ತು ಮೆಕೇಗೆ. ಬೆಟ್ಟವನ್ನು ಬರೆದವನನ್ನು ಕುರಿತು ಎಷ್ಟು ಜನ ಯೋಚಿಸಿದ್ದಾರು?

ಅಂದು ಕಿತ್ತುಕೊಂಡ ಪುಸ್ತಕವನ್ನು ನಾನು ಸಂಜೆಯೇ ಹಿಂದಿರುಗಿಸಿದೆ. ಆದರೆ ಒಮ್ಮೆಯೂ ತಿರುವಿ ನೋಡಲಿಲ್ಲ. ಆ ವಿದ್ಯಾರ್ಥಿ ಇದನ್ನು ಓದುತ್ತಿದ್ದರೆ, ಮತ್ತು ಆ ಪುಸ್ತಕ ಇನ್ನೂ ಉಳಿದಿದ್ದರೆ, ಒಂದು ಸಂಜೆ ಮನೆಗೆ ತರಲಿ. ಈ ಬಾರಿ ಕಡೆಯ ಹಾಳೆಯವರೆಗೂ ನೋಡುವೆನು.