ಆಮ್ಲಜನಕದ ಲೆಕ್ಕ

1942ರಲ್ಲಿ ಬಾಸ್ಟನ್ನಿನ ಕಣ್ಣಿನ ವೈದ್ಯ ಥಿಯೋಡರ್ ಟೆರಿ ಒಂದು ಹೊಸ ಕಾಯಿಲೆಯನ್ನು ವರದಿ ಮಾಡಿದರು. ದಿನ ತುಂಬುವ ಮೊದಲೇ ಹುಟ್ಟಿದ ಶಿಶುವಿನ ಕಣ್ಣಲ್ಲಿ, ಮಸೂರದ ಹಿಂದೆ ಬಿಳಿ ಪೊರೆಯೊಂದು ಕಟ್ಟಿಕೊಂಡಿತ್ತು. ಮುಂದಿನ ಹನ್ನೆರಡು ವರ್ಷಗಳಲ್ಲಿ ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಹೀಗೆ ದೃಷ್ಟಿ ಕಳೆದುಕೊಂಡರು. ವಿಚಿತ್ರವೆಂದರೆ, ಈ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಂಡದ್ದು ಒಳ್ಳೆಯ ಸಲಕರಣೆಗಳಿದ್ದ, ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ.

ವೈದ್ಯರು ಬೆಳಕನ್ನು ಶಂಕಿಸಿದರು, ಕಬ್ಬಿಣಾಂಶವನ್ನು ಶಂಕಿಸಿದರು, ವಿಟಮಿನ್ ಕೊರತೆಯನ್ನು ಶಂಕಿಸಿದರು. ನ್ಯೂಯಾರ್ಕಿನಲ್ಲಿ ವಿಲಿಯಂ ಸಿಲ್ವರ್‌ಮನ್ ಮತ್ತು ಸಂಗಡಿಗರು ಒಂದು ಹಾರ್ಮೋನು ಕೊಟ್ಟು ನೋಡಿದರು. ಹೆಚ್ಚಿನ ಮಕ್ಕಳ ಕಣ್ಣು ಉಳಿಯಿತು. ಸಂಭ್ರಮಿಸಬಹುದಿತ್ತು. ಆದರೆ ಕೆಲವರಿಗೆ ಕೊಟ್ಟು ಕೆಲವರಿಗೆ ಕೊಡದೆ ಹೋಲಿಸಿದಾಗ ಔಷಧಿಯಿಂದ ಏನೂ ಲಾಭವಿಲ್ಲವೆಂದು ತಿಳಿಯಿತು. ಬಹಳಷ್ಟು ಮಕ್ಕಳಲ್ಲಿ ಆರಂಭದ ಹಂತದ ಕಾಯಿಲೆ ತಾನಾಗಿಯೇ ಇಳಿಯುತ್ತದೆ, ಯಶಸ್ಸಿನಂತೆ ಕಂಡದ್ದು ಅದು.

1951ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ಮೂರು ಸಂಸ್ಥೆಗಳ ಮಕ್ಕಳನ್ನು ಹೋಲಿಸಿ, ಧಾರಾಳವಾಗಿ ಆಮ್ಲಜನಕ ಕೊಟ್ಟಲ್ಲಿ ಕುರುಡುತನ ಹೆಚ್ಚು ಎಂದು ಬರೆದರು. ಕಾರಣ ಆಮೇಲೆ ಸ್ಪಷ್ಟವಾಯಿತು. ಅಕ್ಷಿಪಟಲದ ರಕ್ತನಾಳಗಳು ಗರ್ಭದ ಕೊನೆಯ ತಿಂಗಳುಗಳಲ್ಲಿ ನಡುವಿನಿಂದ ಅಂಚಿನ ಕಡೆಗೆ ಬೆಳೆಯುತ್ತವೆ. ಬೇಗ ಹುಟ್ಟಿದ ಮಗುವಿಗೆ ಆಮ್ಲಜನಕ ವಿಪರೀತ ಸಿಕ್ಕರೆ ಆ ಬೆಳವಣಿಗೆ ನಿಂತುಬಿಡುತ್ತದೆ. ಕೆಲವು ವಾರಗಳ ನಂತರ ಹಸಿದ ಅಕ್ಷಿಪಟಲದಲ್ಲಿ ಅಡ್ಡಾದಿಡ್ಡಿ ನಾಳಗಳು ಹುಟ್ಟಿ, ಗಾಯದ ಕಲೆಯಂತೆ ಬಿಗಿದು, ಪಟಲವನ್ನೇ ಎಳೆದು ಕಿತ್ತುಬಿಡಬಹುದು.

ಅದೇ ಹೊತ್ತಿಗೆ ವಾಷಿಂಗ್ಟನ್ನಿನಲ್ಲಿ ಆರ್ನಲ್ ಪಾಟ್ಜ್ ಎಂಬ ಯುವ ವೈದ್ಯ, ಲೆರಾಯ್ ಹೋಕ್ ಜೊತೆ ಕೆಲವು ಮಕ್ಕಳಿಗೆ ಆಮ್ಲಜನಕ ಕಡಿಮೆ ಮಾಡಿ ಪರೀಕ್ಷಿಸುತ್ತಿದ್ದರು. ಇದು ಮಕ್ಕಳನ್ನು ಕೊಲ್ಲುವ ಕೆಲಸವೆಂದು ನಂಬಿದ ಕೆಲವು ದಾದಿಯರು ರಾತ್ರಿ ಪಾಳಿಯಲ್ಲಿ ಗುಟ್ಟಾಗಿ ಆಮ್ಲಜನಕ ಏರಿಸುತ್ತಿದ್ದರಂತೆ. ವೈದ್ಯಕೀಯ ಇತಿಹಾಸಕಾರರು ಇದನ್ನು ತಮಾಷೆಯ ಪ್ರಸಂಗದಂತೆ ಹೇಳುತ್ತಾರೆ. ನನಗೆ ಆ ದಾದಿಯರನ್ನು ನೋಡಿ ನಗಲು ಮನಸ್ಸು ಬರುವುದಿಲ್ಲ, ಏಕೆಂದರೆ ಮುಂದೆ ನಡೆದದ್ದು ಬೇರೆ.

1953ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಸೇರಿ ದೊಡ್ಡ ಪ್ರಯೋಗ ನಡೆಸಿದವು. ಮರುವರ್ಷ ಫಲಿತಾಂಶ ಬಂತು: ಅಪರಾಧಿ ಆಮ್ಲಜನಕವೇ; ಕಡಿಮೆ ಕೊಟ್ಟರೆ ಸಾವು ಹೆಚ್ಚುವುದಿಲ್ಲ. ಆದರೆ ಆ ಪ್ರಯೋಗಕ್ಕೆ ಮಕ್ಕಳನ್ನು ಸೇರಿಸಿಕೊಂಡದ್ದು ಹುಟ್ಟಿ 48 ಗಂಟೆ ಕಳೆದ ಮೇಲೆ. ಉಸಿರಾಟದ ತೊಂದರೆಯಿಂದ ಬಹಳಷ್ಟು ಶಿಶುಗಳು ಸಾಯುವುದೇ ಆ ಎರಡು ದಿನಗಳಲ್ಲಿ! ಅವರು ಲೆಕ್ಕಕ್ಕೇ ಬರಲಿಲ್ಲ. ಆಸ್ಪತ್ರೆಗಳು ಮಾತ್ರ ಮೊದಲ ಗಂಟೆಯಿಂದಲೇ ಆಮ್ಲಜನಕಕ್ಕೆ ಮಿತಿ ಹಾಕಿದವು. ಕುರುಡುತನ ಥಟ್ಟನೆ ಇಳಿಯಿತು. 1973ರಲ್ಲಿ ಕೆನೆತ್ ಕ್ರಾಸ್ ಸಾವಿನ ಅಂಕಿಗಳನ್ನು ಹಿಂದಿರುಗಿ ನೋಡಿ, ಕಣ್ಣು ಉಳಿದ ಒಂದೊಂದು ಮಗುವಿಗೆ ಸುಮಾರು 16 ಮಕ್ಕಳು ಸತ್ತಿರಬಹುದೆಂದು ಅಂದಾಜಿಸಿದರು. ಅಂದಾಜಿನ ಬಗ್ಗೆ ತಕರಾರು ಇರಬಹುದು. ಅರ್ಧಕ್ಕೆ ಇಳಿಸಿದರೂ ಎಂಟು.

ತೂಗುಯ್ಯಾಲೆ ಇನ್ನೂ ನಿಂತಿಲ್ಲ. 2010ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿಯೂ ರಕ್ತದ ಆಮ್ಲಜನಕವನ್ನು ಶೇ. 85–89ರಲ್ಲಿ ಇಟ್ಟಾಗ ಬದುಕಿದವರಲ್ಲಿ ತೀವ್ರ ಕಣ್ಣಿನ ಕಾಯಿಲೆ ಕಡಿಮೆಯಾಯಿತು, ಸಾವು ಹೆಚ್ಚಿತು.

ನಮ್ಮಲ್ಲಿ ಈ ಚರಿತ್ರೆ ತಡವಾಗಿ ಶುರುವಾಗಿದೆ. ಜಿಲ್ಲಾ ಕೇಂದ್ರಗಳಲ್ಲೂ ನವಜಾತ ಶಿಶು ಘಟಕಗಳು ಬಂದಿವೆ, ಕಣ್ಣು ನೋಡುವ ತಜ್ಞರು ಅಷ್ಟಿಲ್ಲ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಹೋಗಿ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ದೂರದಲ್ಲಿರುವ ವೈದ್ಯರು ನೋಡಿ ಹೇಳುತ್ತಾರೆ. ಲೇಸರ್ ಚಿಕಿತ್ಸೆಗೆ ಸಿಗುವ ಸಮಯ ಕೆಲವೇ ದಿನ. ಅದಕ್ಕೇ ಹುಟ್ಟಿ 30 ದಿನದೊಳಗೆ ಮೊದಲ ತಪಾಸಣೆ ಆಗಬೇಕು. ಅಷ್ಟರಲ್ಲಿ ಎಷ್ಟೋ ತಾಯಂದಿರು ಮನೆ ಸೇರಿರುತ್ತಾರೆ. ಮಗು ಹಾಲು ಕುಡಿಯುತ್ತಿರುತ್ತದೆ, ತೂಕ ಏರುತ್ತಿರುತ್ತದೆ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಇರುತ್ತದೆ.